ಸಂಬಂಧಿತರ ಜತೆ ವಹಿವಾಟು: ಗವರ್ನೆನ್ಸ್ ಅಧ್ಯಾಯಕ್ಕಿಂತ ಮೊದಲು ಓದಬೇಕಾದ ನೋಟ್

ಯಾವುದೇ ಲಿಸ್ಟೆಡ್ ಕಂಪನಿಯ ವಾರ್ಷಿಕ ವರದಿ ತೆರೆಯಿರಿ, ಕಾರ್ಪೊರೇಟ್ ಗವರ್ನೆನ್ಸ್ ಅನ್ನುವ ಅಧ್ಯಾಯ ಪುಟಗಟ್ಟಲೆ ಇರುತ್ತದೆ. ಮಂಡಳಿ ಎಷ್ಟು ಸಲ ಸೇರಿತು, ಯಾರು ಬಂದರು, ಯಾರು ತಪ್ಪಿಸಿಕೊಂಡರು, ಯಾವ ಕಮಿಟಿಯಲ್ಲಿ ಯಾರಿದ್ದಾರೆ ಎಂಬ ಪಟ್ಟಿಗಳೆಲ್ಲ ಅಚ್ಚುಕಟ್ಟಾಗಿರುತ್ತವೆ. ಅಷ್ಟೂ ಓದಿದರೂ ಕಂಪನಿಯ ದುಡ್ಡು ಪ್ರಮೋಟರ್‌ಗಳ, ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡವರ, ಬೇರೆ ಕಂಪನಿಗಳ ಕಡೆಗೆ ಹರಿಯುತ್ತಿದೆಯೇ ಇಲ್ಲವೇ ಅನ್ನುವುದು ತಿಳಿಯುವುದಿಲ್ಲ. ಅದು ಇರುವುದು ಎಷ್ಟೋ ಪುಟ ಆಚೆ, ಲೆಕ್ಕಪತ್ರದ ಟಿಪ್ಪಣಿಗಳ ನಡುವೆ, ಪ್ರಮೋಟರ್, ನಿರ್ದೇಶಕರು, ಅವರ ಕುಟುಂಬ, ಅವರ ಕಂಪನಿಗಳು ಹೀಗೆ ‘ಸಂಬಂಧಿತರ’ ಜತೆಗಿನ ವಹಿವಾಟು ಹೇಳುವ ಸಣ್ಣಕ್ಷರದ ‘ರಿಲೇಟೆಡ್ ಪಾರ್ಟಿ ಡಿಸ್‌ಕ್ಲೋಷರ್ಸ್’ ಎಂಬ ನೋಟ್‌ನಲ್ಲಿ. ಗವರ್ನೆನ್ಸ್ ರೇಟಿಂಗ್, ಪ್ರಶಸ್ತಿ ಇವಕ್ಕೆಲ್ಲ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಹೈದರಾಬಾದಿನ ಐಟಿ ಕಂಪನಿ ಸತ್ಯಂಗೆ 2008ರಲ್ಲಿ ಉತ್ತಮ ಕಾರ್ಪೊರೇಟ್ ಗವರ್ನೆನ್ಸ್‌ಗಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು, ಲೆಕ್ಕಪತ್ರದ ವಂಚನೆ ಹೊರಬಿದ್ದು ಮರುವರ್ಷ ಅದನ್ನು ವಾಪಸ್ ಪಡೆಯಬೇಕಾಯಿತು.

ಅಂತರರಾಷ್ಟ್ರೀಯ ಮಾನದಂಡಗಳ ಮೂಲ ಕೇಳಿದರೆ ಎಲ್ಲರೂ ತೋರಿಸುವುದು ಬ್ರಿಟನ್ನಿನ 1992ರ ಕ್ಯಾಡ್ಬರಿ ವರದಿ. ‘ಪಾಲಿಸಿ, ಇಲ್ಲವೇ ಕಾರಣ ಹೇಳಿ’ ಅನ್ನುವ ಪದ್ಧತಿ ಜಗತ್ತಿಗೆ ಹಬ್ಬಿದ್ದು ಅಲ್ಲಿಂದ. ಆದರೆ ಅದು ಬರೆದಿದ್ದು ಲಂಡನ್ ಮಾರುಕಟ್ಟೆಗೆ. ಅಲ್ಲಿ ದೊಡ್ಡ ಕಂಪನಿಗಳ ಷೇರು ಪೆನ್ಷನ್ ಫಂಡ್, ವಿಮಾ ಕಂಪನಿ, ಸಣ್ಣ ಹೂಡಿಕೆದಾರರ ನಡುವೆ ಹಂಚಿಹೋಗಿರುತ್ತದೆ, ಒಡೆಯ ಅಂತ ಒಬ್ಬ ಇರುವುದಿಲ್ಲ. ಹಾಗಾಗಿ ಅಲ್ಲಿನ ಚಿಂತೆಯೆಲ್ಲ ಮೇಲಧಿಕಾರಿಗಳ ಬಗ್ಗೆ: ಅಧ್ಯಕ್ಷ ಬೇರೆ, ಸಿಇಒ ಬೇರೆ ಇರಲಿ, ಲೆಕ್ಕಪತ್ರದ ಮೇಲೆ ಕಣ್ಣಿಡುವ ಆಡಿಟ್ ಕಮಿಟಿಯಲ್ಲಿ ಹೊರಗಿನವರಿರಲಿ ಇತ್ಯಾದಿ.

ನಮ್ಮಲ್ಲಿ ಲೆಕ್ಕಾಚಾರ ಬೇರೆ. ಇಲ್ಲಿ ಒಂದು ಕುಟುಂಬವೋ ಒಂದು ಗುಂಪೋ ಕಂಪನಿಯ ಅರ್ಧದಷ್ಟು ಷೇರು ಇಟ್ಟುಕೊಂಡಿರುತ್ತದೆ, ಅದೇ ಗುಂಪಿನ ಕೈಯಲ್ಲಿ ಹತ್ತಾರು ಖಾಸಗಿ ಕಂಪನಿಗಳೂ ಇರುತ್ತವೆ. ಸಿಇಒ ಕುರ್ಚಿಯಲ್ಲಿ ಕೂತವರು ಒಡೆಯರನ್ನು ಮೋಸ ಮಾಡುತ್ತಾರೆ ಅನ್ನುವುದು ಇಲ್ಲಿನ ಮುಖ್ಯ ಅಪಾಯವಲ್ಲ. ದೊಡ್ಡ ಪಾಲುದಾರರು ಉಳಿದ ಪಾಲುದಾರರ ದುಡ್ಡನ್ನು ಮತ್ತೊಂದು ಕಂಪನಿಗೆ ದಾಟಿಸುವುದು ಅಪಾಯ. ಲಿಸ್ಟೆಡ್ ಕಂಪನಿಯಲ್ಲಿ ಪ್ರಮೋಟರ್ ಪಾಲು ಶೇ 50, ಖಾಸಗಿ ಕಂಪನಿಯಲ್ಲಿ ಶೇ 100 ಅಂದುಕೊಳ್ಳಿ. 10 ಕೋಟಿ ಲಿಸ್ಟೆಡ್ ಕಂಪನಿಯಿಂದ ಖಾಸಗಿ ಕಂಪನಿಗೆ ಹೋದರೆ ಅವರು ಕಳೆದುಕೊಳ್ಳುವುದು 5, ಗಳಿಸುವುದು 10. ಆ ವ್ಯತ್ಯಾಸದ 5 ಕೋಟಿ ನಿಮ್ಮ ನನ್ನಂಥವರದು.

1997ರಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂದಾಗ ಈ ವ್ಯತ್ಯಾಸ ಎಲ್ಲರ ಕಣ್ಣಿಗೂ ಬಿತ್ತು. 1999ರಲ್ಲಿ ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿ ತನ್ನ ಕಾರ್ಪೊರೇಟ್ ಗವರ್ನೆನ್ಸ್ ತತ್ವಗಳನ್ನು ಹೊರತಂದಿತು. 2004ರಲ್ಲಿ, 2015ರಲ್ಲಿ ತಿದ್ದುಪಡಿಯಾಯಿತು. ಈಗಿರುವ ಪಠ್ಯ 2023ರದು, ಅದಕ್ಕೆ ಜಿ20 ನಾಯಕರು ಒಪ್ಪಿಗೆ ಕೊಟ್ಟಿದ್ದು ಆ ಸೆಪ್ಟೆಂಬರ್‌ನ ದೆಹಲಿ ಶೃಂಗಸಭೆಯಲ್ಲಿ. ಭಾರತ ಒಇಸಿಡಿ ಸದಸ್ಯ ಅಲ್ಲದಿದ್ದರೂ ಈ ದಾಖಲೆಗೆ ಬದ್ಧ ಎಂದು ಹೇಳಿಕೊಳ್ಳುವುದು ಹೀಗೆ. ಇದಲ್ಲದೆ ಬ್ಯಾಂಕ್‌ಗಳಿಗೆಂದೇ ಬಾಸೆಲ್ ಕಮಿಟಿಯ 2015ರ ತತ್ವಗಳಿವೆ, ದಕ್ಷಿಣ ಆಫ್ರಿಕಾದ ಕಿಂಗ್ ಸಂಹಿತೆ ಇದೆ, 2021ರ ಐಎಸ್‌ಒ 37000 ಇದೆ. ಕೊನೆಯದರ ಬಗ್ಗೆ ಒಂದು ಮಾತು: ಅದು ಬರೀ ಮಾರ್ಗದರ್ಶಿ, ಐಎಸ್‌ಒ 9001ರ ಹಾಗೆ ಆಡಿಟ್ ಮಾಡಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳುವಂಥದ್ದಲ್ಲ. ಯಾರಾದರೂ ‘37000 ಸರ್ಟಿಫಿಕೇಟ್ ಕೊಡಿಸುತ್ತೇವೆ’ ಅಂದರೆ ಹುಷಾರು.

ಒಇಸಿಡಿ ದಾಖಲೆಯ ಆರು ಅಧ್ಯಾಯಗಳಲ್ಲಿ ನಮಗೆ ಬೇಕಾದದ್ದು ಎರಡನೆಯದು, ಷೇರುದಾರರ ಹಕ್ಕಿನದು. ಸಂಬಂಧಿತರ ಜತೆಗಿನ ವಹಿವಾಟಿಗೆ ಒಪ್ಪಿಗೆ ಕೊಡುವ ಮತ್ತು ಅದನ್ನು ನಡೆಸುವ ರೀತಿ ಹಿತಾಸಕ್ತಿ ಸಂಘರ್ಷವನ್ನು ಸರಿಯಾಗಿ ನಿಭಾಯಿಸುವಂತಿರಬೇಕು, ಕಂಪನಿಯ ಮತ್ತು ಷೇರುದಾರರ ಹಿತ ಕಾಯಬೇಕು ಅನ್ನುತ್ತದೆ ಅಲ್ಲಿನ ಒಂದು ತತ್ವ. ಹೇಗೆ ಕಾಯಬೇಕು ಅನ್ನುವುದನ್ನು ಆಯಾ ದೇಶಕ್ಕೆ ಬಿಟ್ಟಿದೆ. ಪ್ರತಿ ದೇಶವೂ ತನ್ನದೇ ದಾರಿ ಹಿಡಿದಿದೆ. ಅಮೆರಿಕದಲ್ಲಿ 1,20,000 ಡಾಲರ್ ಮೀರಿದ ವಹಿವಾಟನ್ನು ಬಹಿರಂಗಪಡಿಸಬೇಕು, ಕಂಪನಿಯ ಜತೆ ಬೇರೆ ನಂಟಿಲ್ಲದ ಸ್ವತಂತ್ರ ನಿರ್ದೇಶಕರು ಪರಿಶೀಲಿಸಬೇಕು, ಅಷ್ಟೇ. ಷೇರುದಾರರ ಮತ ಅಂತ ಪ್ರತ್ಯೇಕ ನಿಯಮವಿಲ್ಲ. ಅಲ್ಲಿ ಭಯ ಹುಟ್ಟಿಸುವುದು ಕೋರ್ಟ್. ಸಿಂಗಾಪುರದಲ್ಲಿ ಗುಡ್‌ವಿಲ್‌ನಂಥವನ್ನು ಕಳೆದು ಉಳಿಯುವ ನಿವ್ವಳ ಆಸ್ತಿಯ ಶೇ 3 ತಲುಪಿದರೆ ಪ್ರಕಟಣೆ, ಶೇ 5 ತಲುಪಿದರೆ ಮತ. ಬ್ರಿಟನ್ ಶೇ 5ರ ಗೆರೆ ದಾಟಿದರೆ ಮತ ಕೇಳಿಸುತ್ತಿತ್ತು, 2024ರ ಜುಲೈನಲ್ಲಿ ಲಂಡನ್ ಲಿಸ್ಟಿಂಗ್ ನಿಯಮ ಬದಲಿಸಿ ಮತವನ್ನು ಕೈಬಿಟ್ಟಿತು, ಈಗ ಪ್ರಕಟಣೆ ಮತ್ತು ‘ನ್ಯಾಯಯುತವಾಗಿದೆ’ ಎಂಬ ಪರಿಣತರ ಅಭಿಪ್ರಾಯ ಸಾಕು. ಕ್ಯಾಡ್ಬರಿಯ ಊರೇ ಸಡಿಲಿಸಿತಲ್ಲ, ನಾವೂ ಸಡಿಲಿಸೋಣ ಅನ್ನುವ ವಾದ ಇಲ್ಲೂ ಕೇಳುತ್ತದೆ. ಅಲ್ಲಿ ಪ್ರಮೋಟರ್ ಕುಟುಂಬಗಳು ಅಪರೂಪ ಅನ್ನುವುದನ್ನು ಆ ವಾದ ಮಾಡುವವರು ಹೇಳುವುದಿಲ್ಲ.

ಮಂಡಳಿಯ ಪರಿಶೀಲನೆಯೊಂದೇ ಸಾಲದು ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ 1999ರಲ್ಲಿ ಎಲ್‌ಜೆಎಂ ಹೆಸರಿನ ಪಾಲುದಾರಿಕೆ ಸಂಸ್ಥೆಗಳನ್ನು ಕಟ್ಟಿಕೊಂಡು ತನ್ನದೇ ಕಂಪನಿಯ ಜತೆ ವ್ಯಾಪಾರಕ್ಕೆ ಇಳಿದ. ಅದಕ್ಕೆ ಕಂಪನಿಯ ನೀತಿಸಂಹಿತೆ ಅಡ್ಡ ಬರುತ್ತಿತ್ತು. ಮಂಡಳಿ ಆ ಸಂಹಿತೆಗೇ ವಿನಾಯಿತಿ ಕೊಟ್ಟಿತು. 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿಯಾಯಿತು. ಇನ್ನೊಂದು ಸತ್ಯಂ. 2008ರ ಡಿಸೆಂಬರ್ 16ರಂದು ಸತ್ಯಂ ಸ್ಥಾಪಕ ರಾಮಲಿಂಗ ರಾಜು ಕುಟುಂಬದ ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್‌ಫ್ರಾ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ಮಂಡಳಿ ಒಪ್ಪಿತು. ಹೆಸರಾಂತ ಸ್ವತಂತ್ರ ನಿರ್ದೇಶಕರೆಲ್ಲ ಆ ಮಂಡಳಿಯಲ್ಲಿದ್ದರು. ಷೇರುದಾರರ ಮತ ಕೇಳಲಿಲ್ಲ. ಹೂಡಿಕೆದಾರರು ಸಿಡಿದೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ತೀರ್ಮಾನ ವಾಪಸಾಯಿತು. 2009ರ ಜನವರಿ 7ರ ತಪ್ಪೊಪ್ಪಿಗೆ ಪತ್ರದಲ್ಲಿ ರಾಜು ಹೇಳಿದ್ದು: ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ, ಮೇಟಾಸ್ ಖರೀದಿ ಆ ಸುಳ್ಳು ಆಸ್ತಿಯ ಜಾಗಕ್ಕೆ ನಿಜದ ಆಸ್ತಿ ತುಂಬುವ ಕೊನೆಯ ಪ್ರಯತ್ನವಾಗಿತ್ತು. ಆ ಒಂದು ವಹಿವಾಟು ನಿಂತಿದ್ದಕ್ಕೇ ಉಳಿದದ್ದೆಲ್ಲ ಹೊರಬಿತ್ತು.

ಈಗ ಇಲ್ಲಿನ ನಿಯಮ ಏನನ್ನುತ್ತದೆ

2013ರ ಕಂಪನಿ ಕಾಯ್ದೆಯ ಸೆಕ್ಷನ್ 188, ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2015ರ ಲಿಸ್ಟಿಂಗ್ ನಿಯಮಾವಳಿಯ 23ನೇ ನಿಯಮ, ಇವೆರಡೂ ಒಟ್ಟಿಗೆ ನಡೆಯುತ್ತವೆ. ಎರಡನ್ನೂ ಒಂದೇ ಅಂದುಕೊಂಡರೆ ತಪ್ಪಾಗುತ್ತದೆ. ಮಾಮೂಲಿ ವ್ಯಾಪಾರದ ಭಾಗವಾಗಿ, ಹೊರಗಿನವರಿಗೆ ಕೊಡುವ ದರದಲ್ಲೇ ನಡೆದ ವಹಿವಾಟನ್ನು ಸೆಕ್ಷನ್ 188 ಬಿಟ್ಟುಬಿಡುತ್ತದೆ. ಸೆಬಿ ನಿಯಮದಲ್ಲಿ ಆ ವಿನಾಯಿತಿ ಇಲ್ಲ. ಸೆಕ್ಷನ್ 188ರ ವಹಿವಾಟು ತೋರಿಸಲು ಮಂಡಳಿ ವರದಿಗೆ ಅಂಟಿಸುವ ಎಒಸಿ-2 ನಮೂನೆ ಖಾಲಿ ಇದೆ ಅಂದರೆ ಸಂಬಂಧಿತರ ಜತೆ ವಹಿವಾಟೇ ಇಲ್ಲ ಎಂದು ಅರ್ಥವಲ್ಲ. ‘ಎಲ್ಲ ಮಾಮೂಲಿ, ಎಲ್ಲ ಮಾರುಕಟ್ಟೆ ದರ’ ಎಂದು ಕಂಪನಿಯೇ ತೀರ್ಮಾನಿಸಿಕೊಂಡಿದೆ ಎಂದರ್ಥ.

ಸೆಬಿ ಪ್ರಕಾರ ಪ್ರಮೋಟರ್ ಗುಂಪಿನಲ್ಲಿರುವ ಯಾರೇ ಆಗಲಿ, ಒಂದು ಷೇರೂ ಇಲ್ಲದಿದ್ದರೂ, ಸಂಬಂಧಿತರೇ. 2023ರ ಏಪ್ರಿಲ್‌ನಿಂದ ಶೇ 10 ಅಥವಾ ಹೆಚ್ಚು ಷೇರು ಹೊಂದಿದವರೂ ಸೇರುತ್ತಾರೆ. ಅದೇ ದಿನದಿಂದ ಇನ್ನೊಂದು ಬಾಗಿಲೂ ಮುಚ್ಚಿತು: ಹೊರಗಿನ ಮೂರನೆಯವರ ಹೆಸರಿನಲ್ಲಿ ವಹಿವಾಟು ಮಾಡಿ ಕೊನೆಗೆ ಲಾಭ ಸಂಬಂಧಿತರಿಗೆ ತಲುಪಿಸುವುದೇ ಉದ್ದೇಶವೂ ಪರಿಣಾಮವೂ ಆಗಿದ್ದರೆ ಅದೂ ಇದೇ ಲೆಕ್ಕಕ್ಕೆ ಬರುತ್ತದೆ. ಕಾಗದದ ಮೇಲೆ ಒಳ್ಳೆಯ ನಿಯಮ. ಉದ್ದೇಶವನ್ನು ಸಾಬೀತು ಮಾಡುವುದು ಯಾರು, ಯಾವಾಗ ಅನ್ನುವುದೇ ತೊಡಕು.

ಮೊದಲ ಸೋಸುವಿಕೆ ಆಡಿಟ್ ಕಮಿಟಿಯಲ್ಲಿ. ಕನಿಷ್ಠ ಮೂವರು ನಿರ್ದೇಶಕರು, ಅವರಲ್ಲಿ ಮೂರನೇ ಎರಡು ಭಾಗ ಸ್ವತಂತ್ರರು, ಅಧ್ಯಕ್ಷರೂ ಸ್ವತಂತ್ರರೇ. ವರ್ಷಕ್ಕೆ ನಾಲ್ಕು ಸಭೆ, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು. ಸಂಬಂಧಿತರ ವಹಿವಾಟಿಗೆ ಒಪ್ಪಿಗೆ ಕೊಡಬೇಕಾದವರು ಆ ಕಮಿಟಿಯ ಸ್ವತಂತ್ರ ಸದಸ್ಯರು ಮಾತ್ರ, ಅದೂ ವಹಿವಾಟು ನಡೆಯುವ ಮೊದಲೇ. ದಿನನಿತ್ಯ ಮರುಕಳಿಸುವ ಖರೀದಿ, ಬಾಡಿಗೆ ಇತ್ಯಾದಿಗೆ ‘ಆಮ್ನಿಬಸ್’ ಒಪ್ಪಿಗೆ ಎಂಬ ಅನುಕೂಲ ಇದೆ: ಹೆಸರು, ಗರಿಷ್ಠ ಮೊತ್ತ, ದರದ ಆಧಾರ ಹೇಳಿ ಒಂದು ವರ್ಷಕ್ಕೆ ಮುಂಗಡ ಒಪ್ಪಿಗೆ ತೆಗೆದುಕೊಳ್ಳಬಹುದು, ತ್ರೈಮಾಸಿಕಕ್ಕೊಮ್ಮೆ ಪರಿಶೀಲಿಸಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎಪ್ಪತ್ತೆಂಬತ್ತು ಸಾಲಿನ ಪಟ್ಟಿ ಬರುತ್ತದೆ, ಪ್ರತಿ ಸಾಲಿನ ಮಿತಿಯನ್ನು ಕಳೆದ ವರ್ಷದ ನಿಜವಾದ ಮೊತ್ತಕ್ಕಿಂತ ಎರಡು ಮೂರು ಪಟ್ಟು ಇಟ್ಟಿರುತ್ತಾರೆ, ಹತ್ತು ನಿಮಿಷದಲ್ಲಿ ಒಪ್ಪಿಗೆ ಸಿಗುತ್ತದೆ. ತಿಳಿದ ಕಮಿಟಿ ಅಧ್ಯಕ್ಷರು ಮೂರು ಕಾಲಂ ಕೇಳುತ್ತಾರೆ: ಕಳೆದ ವರ್ಷ ಕೇಳಿದ ಮಿತಿ, ನಿಜವಾಗಿ ಬಳಸಿದ್ದು, ಈ ವರ್ಷ ಕೇಳುತ್ತಿರುವುದು. ಆ ಮೂರು ಅಂಕಿ ಪಕ್ಕಪಕ್ಕ ನಿಂತರೆ ಹೆಚ್ಚಿನ ಪ್ರಶ್ನೆಗಳು ತಾವೇ ಎದ್ದು ನಿಲ್ಲುತ್ತವೆ.

ಎರಡನೇ ಸೋಸುವಿಕೆ ಷೇರುದಾರರ ಮತ. ಒಂದು ಹಣಕಾಸು ವರ್ಷದಲ್ಲಿ ಒಬ್ಬ ಸಂಬಂಧಿತರ ಜತೆಗಿನ ಒಟ್ಟು ವಹಿವಾಟು ಕಂಪನಿಯ ಕನ್ಸಾಲಿಡೇಟೆಡ್ ಟರ್ನೋವರ್‌ನ (ಅಂಗಸಂಸ್ಥೆಗಳನ್ನೂ ಸೇರಿಸಿದ ವರ್ಷದ ವ್ಯಾಪಾರದ) ಶೇ 10 ಅಥವಾ 1,000 ಕೋಟಿ ರೂಪಾಯಿ, ಯಾವುದು ಕಡಿಮೆಯೋ ಅದನ್ನು ಮೀರಿದರೆ ಮತ ಬೇಕು ಅನ್ನುವುದು 2022ರ ಏಪ್ರಿಲ್‌ನಿಂದ ಇದ್ದ ಗೆರೆ. 2025ರಲ್ಲಿ ಸೆಬಿ ಇದನ್ನು ಮೆಟ್ಟಿಲುಮೆಟ್ಟಿಲಾಗಿ ಬದಲಿಸಿತು. 20,000 ಕೋಟಿವರೆಗಿನ ಟರ್ನೋವರ್‌ಗೆ ಶೇ 10 ಉಳಿಯಿತು, ಅದಕ್ಕೂ ದೊಡ್ಡ ಕಂಪನಿಗಳಿಗೆ ಗೆರೆ ಮೇಲಕ್ಕೆ ಹೋಗಿ ಗರಿಷ್ಠ 5,000 ಕೋಟಿಗೆ ನಿಂತಿತು. ಬ್ರ್ಯಾಂಡ್ ಬಳಕೆ ಅಥವಾ ರಾಯಲ್ಟಿಯಾದರೆ ಶೇ 5 ದಾಟಿದರೇ ಮತ.

‘ಒಬ್ಬ ಸಂಬಂಧಿತರ ಜತೆ’ ಅನ್ನುವ ಮಾತನ್ನು ಮತ್ತೊಮ್ಮೆ ಓದಿ. ಟರ್ನೋವರ್ 900 ಕೋಟಿ ಇರುವ ಒಂದು ಕಂಪನಿ ಇದೆ ಅನ್ನಿ. ಗೆರೆ 90 ಕೋಟಿ. ಪ್ರಮೋಟರ್ ಕುಟುಂಬದ ಮೂರು ಖಾಸಗಿ ಕಂಪನಿಗಳು ತಲಾ 85 ಕೋಟಿಯ ಕಚ್ಚಾ ಮಾಲು ಮಾರುತ್ತವೆ. ಒಟ್ಟು 255 ಕೋಟಿ, ಟರ್ನೋವರ್‌ನ ಶೇ 28ಕ್ಕೂ ಹೆಚ್ಚು. ಆದರೂ ಷೇರುದಾರರ ಮತ ಬೇಕಿಲ್ಲ, ಏಕೆಂದರೆ ಒಬ್ಬೊಬ್ಬರೂ ಗೆರೆಯೊಳಗೇ ಇದ್ದಾರೆ. ನಿಯಮ ಮುರಿದಿಲ್ಲ. ಇದನ್ನು ಹಿಡಿಯಬೇಕಾದರೆ ಒಂದೇ ದಾರಿ, ಆ ಸಾಲುಗಳನ್ನು ನೀವೇ ಕೂಡಿಸುವುದು.

ಮತದಲ್ಲಿ ಇನ್ನೊಂದು ಬಿಗಿ ಇದೆ. ಆ ವಹಿವಾಟಿಗೆ ನೇರ ಸಂಬಂಧ ಇರಲಿ ಬಿಡಲಿ, ಸಂಬಂಧಿತರಾದ ಯಾರೂ ಅದರ ಪರವಾಗಿ ಮತ ಹಾಕುವಂತಿಲ್ಲ. ವಿರೋಧವಾಗಿ ಹಾಕಬಹುದು. ಶೇ 60 ಷೇರು ಪ್ರಮೋಟರ್ ಕೈಯಲ್ಲಿದ್ದರೆ ಉಳಿದ ಶೇ 40ರಲ್ಲಿ ಮತ ಹಾಕಿದವರೇ ತೀರ್ಮಾನಿಸುತ್ತಾರೆ. ಅಂತರರಾಷ್ಟ್ರೀಯವಾಗಿ ನೋಡಿದರೆ ಇದು ಕಟ್ಟುನಿಟ್ಟಿನ ಪದ್ಧತಿಗಳಲ್ಲಿ ಒಂದು.

ಇದು ಮೊದಲು ಜೋರಾಗಿ ಸದ್ದು ಮಾಡಿದ್ದು ಬೆಂಗಳೂರಿನ ಕಂಪನಿಯೊಂದರಲ್ಲೇ. 2014ರ ಜುಲೈ ಹೊತ್ತಿಗೆ ಯುನೈಟೆಡ್ ಸ್ಪಿರಿಟ್ಸ್‌ನ ಬಹುಪಾಲು ಷೇರು ಬ್ರಿಟನ್ನಿನ ಡಿಯಾಜಿಯೊ ಕೈಗೆ ಬಂದಿತ್ತು, ವಿಜಯ್ ಮಲ್ಯ ಇನ್ನೂ ಅಧ್ಯಕ್ಷರಾಗಿದ್ದರು. ನವೆಂಬರ್ 28ರ ವಿಶೇಷ ಮಹಾಸಭೆಗೆ ಹನ್ನೆರಡು ನಿರ್ಣಯಗಳು ಬಂದವು, ಹೆಚ್ಚಿನವು ಮಲ್ಯ ಗುಂಪಿನ ಕಂಪನಿಗಳ ಜತೆಗಿನ ಒಪ್ಪಂದಗಳು: ಯುಬಿ ಹೋಲ್ಡಿಂಗ್ಸ್‌ಗೆ ಕೊಟ್ಟ ಸುಮಾರು 1,337 ಕೋಟಿ ರೂಪಾಯಿ ಸಾಲದ ಒಪ್ಪಂದ, ಟ್ರೇಡ್‌ಮಾರ್ಕ್ ಪರವಾನಗಿ, ಕ್ರೀಡಾ ತಂಡಗಳ ಪ್ರಾಯೋಜಕತ್ವ. ಆಗಿನ ಕಾಯ್ದೆಯಲ್ಲಿ ವಿಶೇಷ ನಿರ್ಣಯ, ಅಂದರೆ ಚಲಾವಣೆಯಾದ ಮತದ ಮುಕ್ಕಾಲು ಪಾಲು ಬೇಕಿತ್ತು. ಹನ್ನೆರಡರಲ್ಲಿ ಒಂಬತ್ತು ಬಿದ್ದುಹೋದವು. ಮರುವರ್ಷವೇ ಕಾಯ್ದೆ ತಿದ್ದುಪಡಿಯಾಗಿ ಮುಕ್ಕಾಲು ಪಾಲಿನ ಬದಲು ಸಾಧಾರಣ ಬಹುಮತ ಸಾಕು ಎಂದಾಯಿತು. ಅದು ಹಿಂದೆ ಸರಿದ ಹೆಜ್ಜೆ ಅನ್ನುವುದು ನನ್ನ ಅಭಿಪ್ರಾಯ. ಮತ ಎಂದರೆ ಬರೀ ತಡೆ ಅಂತಲೂ ಅಲ್ಲ. ಮಾರುತಿ ಸುಜುಕಿಯ ಗುಜರಾತ್ ಕಾರ್ಖಾನೆಯನ್ನು ಜಪಾನಿನ ಸುಜುಕಿಯೇ ಕಟ್ಟುತ್ತದೆ ಎಂದು 2014ರ ಜನವರಿಯಲ್ಲಿ ಘೋಷಿಸಿದಾಗ ಮ್ಯೂಚುವಲ್ ಫಂಡ್‌ಗಳು ತಕರಾರು ಎತ್ತಿದವು. ಷರತ್ತುಗಳು ಬದಲಾದವು, ಸಣ್ಣ ಷೇರುದಾರರ ಮತಕ್ಕೆ ಹಾಕುವುದಾಗಿ ಕಂಪನಿ ಒಪ್ಪಿತು, 2015ರ ಡಿಸೆಂಬರ್‌ನಲ್ಲಿ ಭಾರೀ ಬಹುಮತದಿಂದ ಪಾಸಾಯಿತು. ಮತ ಕೇಳಬೇಕಾಗುತ್ತದೆ ಅನ್ನುವ ಒತ್ತಡವೇ ಷರತ್ತುಗಳನ್ನು ಸುಧಾರಿಸಿತು.

ನೋಟ್ ಓದುವ ಕ್ರಮ

ಮೊದಲು ಸ್ಟ್ಯಾಂಡ್‌ಅಲೋನ್, ಅಂದರೆ ತಾಯಿ ಕಂಪನಿಯೊಂದರದೇ ಲೆಕ್ಕಪತ್ರದ ನೋಟ್ ತೆಗೆಯಿರಿ, ಕನ್ಸಾಲಿಡೇಟೆಡ್ ಅಲ್ಲ. ಗುಂಪಿನ ಲೆಕ್ಕ ಕೂಡಿಸುವಾಗ ತಾಯಿ ಕಂಪನಿ ಮತ್ತು ಅಂಗಸಂಸ್ಥೆಗಳ ನಡುವಿನ ಸಾಲ, ಖರೀದಿ ಎಲ್ಲ ವಜಾ ಆಗಿ ಮಾಯವಾಗುತ್ತವೆ. ಶೇ 51 ಪಾಲಿರುವ ಅಂಗಸಂಸ್ಥೆಗೆ ಕೊಟ್ಟ 200 ಕೋಟಿ ಸಾಲ ಸ್ಟ್ಯಾಂಡ್‌ಅಲೋನ್‌ನಲ್ಲಿ ಮಾತ್ರ ಕಾಣುತ್ತದೆ. ಆ ಅಂಗಸಂಸ್ಥೆಯಲ್ಲಿ ಉಳಿದ ಶೇ 49 ಯಾರದು ಅನ್ನುವುದು ಮುಂದಿನ ಪ್ರಶ್ನೆ. ಪ್ರಮೋಟರ್ ಕುಟುಂಬದ್ದಾಗಿದ್ದರೆ ಅಲ್ಲೇ ನಿಂತು ನಿಧಾನ ಓದಬೇಕು.

ನೋಟ್‌ನಲ್ಲಿ ಮೂರು ಭಾಗ: ಸಂಬಂಧಿತರ ಹೆಸರಿನ ಪಟ್ಟಿ, ವರ್ಷದಲ್ಲಿ ನಡೆದ ವಹಿವಾಟು, ಮಾರ್ಚ್ 31ರ ಬಾಕಿ. ಬಾಕಿ ಕಾಲಂ ಮಾತ್ರ ನೋಡುವುದು ಎಲ್ಲರೂ ಮಾಡುವ ತಪ್ಪು. ಏಪ್ರಿಲ್‌ನಲ್ಲಿ ಕೊಟ್ಟ 150 ಕೋಟಿ ಮಾರ್ಚ್ 28ಕ್ಕೆ ವಾಪಸ್ ಬಂದು ಏಪ್ರಿಲ್ 3ಕ್ಕೆ ಮತ್ತೆ ಹೋದರೆ ಬಾಕಿ ಸೊನ್ನೆ. ವರ್ಷದ ವಹಿವಾಟಿನಲ್ಲಿ ‘ಕೊಟ್ಟ ಸಾಲ 150, ಮರಳಿ ಬಂದದ್ದು 150’ ಅಂತ ಇರುತ್ತದೆ. ಇದೇ ನಮೂದು ಎರಡು ಮೂರು ವರ್ಷ ಪುನರಾವರ್ತನೆಯಾದರೆ ಆ ದುಡ್ಡು ವರ್ಷವಿಡೀ ಹೊರಗೇ ಇದೆ ಅಂತ ಅನುಮಾನಿಸಿ. ಹಾಗಾಗಿ ಕನಿಷ್ಠ ಮೂರು ವರ್ಷದ ನೋಟ್‌ಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಬೇಕು.

ಸಾಲದ ಬಡ್ಡಿ ಲೆಕ್ಕ ಹಾಕಿ. ಸೆಕ್ಷನ್ 186ರ ಪ್ರಕಾರ ಕಂಪನಿ ಕೊಡುವ ಸಾಲದ ಬಡ್ಡಿ ಅಷ್ಟೇ ಅವಧಿಯ ಸರ್ಕಾರಿ ಬಾಂಡ್‌ನ ಇಳುವರಿಗಿಂತ ಕಡಿಮೆ ಇರಬಾರದು. ಅಂದರೆ ಸರ್ಕಾರಿ ಬಾಂಡ್ ಶೇ 7 ಕೊಡುತ್ತಿದ್ದರೆ ಶೇ 7ಕ್ಕೆ ಕೊಟ್ಟ ಸಾಲ ಕಾನೂನುಬದ್ಧ. ಅದೇ ಕಂಪನಿ ಬ್ಯಾಂಕಿನಿಂದ ಶೇ 10ಕ್ಕೆ ಸಾಲ ಎತ್ತುತ್ತಿದ್ದರೆ ಪ್ರತಿ 100 ಕೋಟಿಗೆ ವರ್ಷಕ್ಕೆ 3 ಕೋಟಿ ಷೇರುದಾರರ ಜೇಬಿನಿಂದ ಹೋಗುತ್ತದೆ. ಬಡ್ಡಿ ಆದಾಯ ಬರೆದಿದ್ದಾರೆ, ಆದರೆ ‘ಬರಬೇಕಾದ ಬಡ್ಡಿ’ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ ಅಂದರೆ ಲಾಭದ ಒಂದು ಪಾಲು ಬರೀ ಕಾಗದದ್ದು.

ಮುಂಗಡಗಳನ್ನೂ ಹೀಗೇ ಹಿಡಿಯಬೇಕು. ಪ್ರಮೋಟರ್ ಕಂಪನಿಗೆ ಜಮೀನಿಗೋ ಯಂತ್ರಕ್ಕೋ ಕೊಟ್ಟ ‘ಕ್ಯಾಪಿಟಲ್ ಅಡ್ವಾನ್ಸ್’ ಮೂರು ವರ್ಷವಾದರೂ ಅಲುಗದಿದ್ದರೆ, ಆಸ್ತಿ ಪಟ್ಟಿಗೆ ಆ ಜಮೀನು ಬರದಿದ್ದರೆ, ಅದು ಬಡ್ಡಿಯಿಲ್ಲದ ಸಾಲ. ಗ್ಯಾರಂಟಿಗಳು ಎಷ್ಟೋ ಸಲ ಈ ನೋಟ್‌ನ ಕೊನೆ ಸಾಲಿನಲ್ಲೋ ಮುಂದೆ ಬರಬಹುದಾದ ಹೊಣೆಗಳನ್ನು ಹೇಳುವ ಕಂಟಿಂಜೆಂಟ್ ಲಯಬಿಲಿಟಿ ನೋಟ್‌ನಲ್ಲೋ ಇರುತ್ತವೆ. ನಗದು ಹೋಗಿಲ್ಲ ಅಂತ ಅವನ್ನು ಬಿಡಬೇಡಿ, ನಿವ್ವಳ ಆಸ್ತಿಯ ಜತೆ ಹೋಲಿಸಿ ನೋಡಿ.

ನಿಮಗಿಂತ ಮೊದಲು ಆಡಿಟರ್ ಇದನ್ನೆಲ್ಲ ನೋಡಿರುತ್ತಾರೆ. ಅವರ ವರದಿಗೆ ಅಂಟಿಕೊಂಡಿರುವ, ಸರ್ಕಾರದ ಆದೇಶದಂತೆ ನಿಗದಿತ ಪ್ರಶ್ನೆಗಳಿಗೆ ಉತ್ತರ ಬರೆಯುವ ಕಾರೊ 2020 ಅನುಬಂಧದ ಮೂರನೇ ಅಂಶ ಸಾಲಗಳದು. ಷರತ್ತುಗಳು ಕಂಪನಿಗೆ ಹಾನಿಕರವೇ, 90 ದಿನ ಮೀರಿದ ಬಾಕಿ ಎಷ್ಟು, ಹಳೇ ಸಾಲ ತೀರಿಸಲು ಹೊಸ ಸಾಲ ಕೊಟ್ಟಿದ್ದಾರೆಯೇ, ಮರುಪಾವತಿ ಅವಧಿಯೇ ಇಲ್ಲದೆ ಪ್ರಮೋಟರ್‌ಗೂ ಸಂಬಂಧಿತರಿಗೂ ಕೊಟ್ಟದ್ದು ಎಷ್ಟು ಅನ್ನುವುದನ್ನೆಲ್ಲ ಅವರು ಮೊತ್ತ ಸಮೇತ ಬರೆಯಲೇಬೇಕು. ಮುಖ್ಯ ಅಭಿಪ್ರಾಯ ಎಷ್ಟೇ ಸಪ್ಪೆಯಾಗಿದ್ದರೂ ಈ ಅನುಬಂಧದಲ್ಲಿ ಸತ್ವ ಇರುತ್ತದೆ.

ವರ್ಷದ ವರದಿಯವರೆಗೆ ಕಾಯಬೇಕಿಲ್ಲ. ಆರು ತಿಂಗಳಿಗೊಮ್ಮೆ, ಫಲಿತಾಂಶ ಪ್ರಕಟಿಸಿದ ದಿನವೇ, ಸಂಬಂಧಿತರ ವಹಿವಾಟಿನ ಪೂರ್ತಿ ಪಟ್ಟಿ ಸ್ಟಾಕ್ ಎಕ್ಸ್‌ಚೇಂಜ್‌ಗೆ ಹೋಗಬೇಕು. ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಸಿಗುತ್ತದೆ. ಇದರಲ್ಲಿ ಅಂಗಸಂಸ್ಥೆಗಳ ವಹಿವಾಟೂ ಇರುತ್ತದೆ, ಸಾಲ ಕೊಟ್ಟಿದ್ದರೆ ಬಡ್ಡಿ ದರ, ಅವಧಿ, ಭದ್ರತೆ, ಪಡೆದವರು ಅದನ್ನು ಯಾವುದಕ್ಕೆ ಬಳಸುತ್ತಾರೆ ಅನ್ನುವ ಕಾಲಂಗಳೂ ಇರುತ್ತವೆ. ಸ್ವತಂತ್ರ ನಿರ್ದೇಶಕರು ಅವಧಿಗೆ ಮುನ್ನ ರಾಜೀನಾಮೆ ಕೊಟ್ಟರೆ ಅವರ ಪತ್ರವನ್ನೂ ಏಳು ದಿನದೊಳಗೆ ಅಲ್ಲೇ ಹಾಕಬೇಕು. ‘ವೈಯಕ್ತಿಕ ಕಾರಣ’ ಅಂತ ಬರೆದ ಪತ್ರವನ್ನು ಆ ಅರ್ಧವರ್ಷದ ವಹಿವಾಟಿನ ಪಟ್ಟಿಯ ಜತೆ ಇಟ್ಟು ಓದಿ, ಅದರಲ್ಲೂ ಹೋದವರು ಆಡಿಟ್ ಕಮಿಟಿಯವರಾಗಿದ್ದರೆ.

ಮತಕ್ಕೆ ಬಂದಾಗ ನೋಟಿಸ್ ನಿಮ್ಮ ಡಿಮ್ಯಾಟ್ ಖಾತೆಗೆ ಜೋಡಿಸಿದ ಇಮೇಲ್‌ಗೆ ಬರುತ್ತದೆ. ನಿರ್ಣಯದ ಎರಡು ಸಾಲು ಬಿಟ್ಟು ಹಿಂದಿನ ವಿವರಣಾ ಹೇಳಿಕೆಗೆ ಹೋಗಿ. ಯಾರ ಜತೆ, ಏನು ಸಂಬಂಧ, ಎಷ್ಟು ಮೊತ್ತ, ಎಷ್ಟು ವರ್ಷ, ಟರ್ನೋವರ್‌ನ ಶೇಕಡಾ ಎಷ್ಟು, ಕಂಪನಿಗೆ ಏನು ಲಾಭ ಅನ್ನುವುದು ಅಲ್ಲಿರಲೇಬೇಕು. ‘ವ್ಯಾಪಾರದ ಹಿತದೃಷ್ಟಿಯಿಂದ’ ಅನ್ನುವ ಒಂದೇ ವಾಕ್ಯ ಸಮರ್ಥನೆಯಲ್ಲ. ಡಿಮ್ಯಾಟ್ ಷೇರು ಇಟ್ಟುಕೊಳ್ಳುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಸಂಸ್ಥೆಯ ತಾಣದಲ್ಲಿ ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿದ್ದು ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ, ಕಟ್-ಆಫ್ ದಿನ ನಿಮ್ಮ ಖಾತೆಯಲ್ಲಿ ಷೇರು ಇದ್ದರೆ ಸಾಕು. ಫಲಿತಾಂಶ ಎರಡು ಕೆಲಸದ ದಿನದಲ್ಲಿ ಬರುತ್ತದೆ, ಮೂರು ಗುಂಪಾಗಿ: ಪ್ರಮೋಟರ್‌ಗಳು, ಸಂಸ್ಥೆಗಳು, ಸಂಸ್ಥೆಗಳಲ್ಲದ ಸಾರ್ವಜನಿಕರು. ಸಂಬಂಧಿತರ ವಹಿವಾಟಿನ ನಿರ್ಣಯವಾದರೆ ಪ್ರಮೋಟರ್ ಸಾಲಿನಲ್ಲಿ ಪರ ಮತ ಸೊನ್ನೆ ಇರಬೇಕು. ಆಮೇಲೆ ಸಂಸ್ಥೆಗಳ ಸಾಲು ನೋಡಿ. ನಿರ್ಣಯ ಪಾಸಾಗಿದ್ದರೂ ಅಲ್ಲಿ ವಿರೋಧ ಮತ ಗಣನೀಯವಾಗಿದ್ದರೆ, ಮ್ಯೂಚುವಲ್ ಫಂಡ್‌ಗಳು ಯಾಕೆ ವಿರೋಧಿಸಿದವು ಅನ್ನುವ ಕಾರಣ ಆಯಾ ಫಂಡ್‌ನ ತಾಣದಲ್ಲಿ, ಮತದಾನದ ವಿವರದ ಪಟ್ಟಿಯಲ್ಲಿ ಸಿಗುತ್ತದೆ.